ದೇವರಮನೆಗೆ ಹಿಡಿಯದ ರೈಫಲ್

ನನ್ನ ಯಜಮಾನರು ಸೈಟು ವ್ಯವಹಾರದವರು. ಎನ್.ಆರ್. ಕಾಲೋನಿಯ ನಮ್ಮ ಮನೆಯ ಬೀರುವಿನಲ್ಲಿ ಒಂದು ರೈಫಲ್ ಇದೆ ಎಂದರೆ ಯಾರೂ ನಂಬುವುದಿಲ್ಲ. ಊರಿನ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಮಾವ ಇಟ್ಟುಕೊಂಡಿದ್ದು ಅದು. ಅವರು ಹೋದ ಮೇಲೆ ಲೈಸೆನ್ಸ್ ಇವರ ಹೆಸರಿಗೆ ಬಂತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಸೇರುತ್ತದೆ.

ಇವರ ಮನೆತನದಲ್ಲಿ ಒಂದು ಕಟ್ಟಳೆ. ಪೂಜೆಯ ದಿನ ಬಂದೂಕು ಗೋಡೆಗೆ ಒರಗಬಾರದು, ಪೂರ್ವಕ್ಕೆ ಬಾಯಿ ಮಾಡಿ ದೇವರ ಮುಂದೆ ಮಲಗಬೇಕು. ಮನೆ ರಿಪೇರಿ ಮಾಡಿಸಿದಾಗ ಅಡುಗೆಮನೆಗೆ ಜಾಗ ಬಿಟ್ಟುಕೊಟ್ಟು ದೇವರಮನೆ ಕಿರಿದಾಗಿತ್ತು. ಹಬ್ಬದ ಹಿಂದಿನ ಸಂಜೆ ನೋಡಿದರೆ ರೈಫಲ್ ಅಲ್ಲಿ ಹಿಡಿಯುತ್ತಲೇ ಇಲ್ಲ. ಇವರು ಯಾರಿಗೂ ಹೇಳದೆ ಮಹಡಿಗೆ ಹೋಗಿ, ಭುಜಕ್ಕೆ ಆನಿಸಿಕೊಳ್ಳುವ ಮರದ ಹಿಡಿಯನ್ನು ಗರಗಸದಿಂದ ಕೊಯ್ದುಬಿಟ್ಟರು. ಕೊಯ್ದ ತುದಿ ಹೂವಿನಡಿ ಮುಚ್ಚಿಹೋಗಿ, ಪೂಜೆ ಸಾಂಗವಾಗಿ ನಡೆಯಿತು.

ಆಮೇಲೆ ಚುನಾವಣೆ ಬಂತು. ಲೈಸೆನ್ಸ್ ಇರುವವರೆಲ್ಲ ಬಂದೂಕು ತಂದು ಠಾಣೆಗೆ ಒಪ್ಪಿಸಿ ಎಂದು ಪೊಲೀಸರು ಹೇಳಿಕಳಿಸಿದರು. ಬೆಳಗಿನ ವಾಕಿಂಗಿನಲ್ಲಿ ಇವರ ಜೊತೆ ನಡೆಯುವ ವಕೀಲರೊಬ್ಬರಿದ್ದಾರೆ, ನಡೆಸುವುದೆಲ್ಲ ಆಸ್ತಿ ಪಾಲಿನ ಕೇಸುಗಳು. ಇವರು ಹಿಡಿ ಕೊಯ್ದದ್ದನ್ನು ಹೇಳಿಕೊಂಡಾಗ ಅವರು ಹೊರದೇಶದ ಕಾನೂನಿನ ವಿಡಿಯೋಗಳನ್ನು ನೋಡಿಕೊಂಡು ಇವರ ತಲೆಗೆ ಹುಳ ಬಿಟ್ಟರು. ಕಾನೂನು ನೋಡುವುದು ಆಕಾರವನ್ನು, ಭುಜಕ್ಕೆ ಆನಿಸಿ ಹೊಡೆದರೆ ರೈಫಲ್, ಕೈಯಲ್ಲೇ ಹಿಡಿದು ಹೊಡೆದರೆ ಪಿಸ್ತೂಲು, ಹಿಡಿ ಕೊಯ್ದಿದ್ದರಿಂದ ನಿಮ್ಮದು ಈಗ ಲೈಸೆನ್ಸ್ ಇಲ್ಲದ ಪಿಸ್ತೂಲು, ಜಾಮೀನು ಕೂಡ ಕಷ್ಟ ಎಂದರಂತೆ. ಇವರು ಮನೆಗೆ ಬಂದು ನನಗೆ ಎಲ್ಲ ಹೇಳಿದ್ದು ಅವತ್ತೇ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗಿತ್ತು.

ಇವರು ರೈಫಲ್ ಕಳೆದುಹೋಯಿತು ಎಂದು ಹೇಳಿಬಿಡಲೇ ಎಂದು ಒಮ್ಮೆ ಕೇಳಿದರು. ಬೇಡ, ಇದ್ದದ್ದು ಇದ್ದ ಹಾಗೆ ಹೇಳೋಣ, ನಾನೂ ಬರುತ್ತೇನೆ ಎಂದೆ. ಧೈರ್ಯವಾಗಿ ಹೇಳಿದೆನೇ ಹೊರತು ನನಗೂ ಜೀವ ಪುಕಪುಕ ಅನ್ನುತ್ತಿತ್ತು. ಅರವತ್ತು ದಾಟಿದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ, ಒಳಗೆ ಹಾಕಿದರೆ ಏನು ಗತಿ?

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ರೈಫಲ್ಲನ್ನು ಬಟ್ಟೆಯಿಂದ ಬಿಚ್ಚಿ, ಮೊಂಡಾದ ತುದಿ ನೋಡಿ, ಇದೇನು ಎಂದರು. ಇವರು ದೇವರಮನೆಯ ಅಗಲದಿಂದ ಶುರುಮಾಡಿ ತೊದಲುತ್ತಾ ಎಲ್ಲ ಹೇಳಿದರು. ಅವರು ನಗಲಿಲ್ಲ. ನಂಬರು ತಾಳೆ ನೋಡಿದರು, ನಳಿಗೆಗೆ ಟೇಪು ಹಿಡಿದರು, ಅದರ ಬಾಯಿಯ ಅಂಚನ್ನು ಬೆರಳಿಂದ ಸವರಿದರು. ನಾನು ಅವರ ಬೆರಳನ್ನೇ ನೋಡುತ್ತಾ ಕೂತಿದ್ದೆ.

"ನಳಿಗೆ ಕೊಯ್ದಿದ್ರೆ ನಿಮ್ಮನ್ನ ಬಿಡ್ತಿರ್ಲಿಲ್ಲ. ಅದಕ್ಕೆ ಕೇಸೇ ಬೇರೆ," ಎಂದರು. "ನೀವು ಕೊಯ್ದಿರೋದು ಮರ. ಇದು ಇವತ್ತಿಗೂ ರೈಫಲ್ಲೇ."

ಎಲೆಕ್ಷನ್ ಮುಗಿದ ಮೇಲೆ ಲೈಸೆನ್ಸ್ ಇರುವ ಅಂಗಡಿಯಲ್ಲೇ ಹೊಸ ಹಿಡಿ ಹಾಕಿಸಬೇಕು, ಇನ್ನು ಮನೆಯಲ್ಲಿ ಅದರ ಮೇಲೆ ಗರಗಸ ಆಡಿಸಕೂಡದು ಎಂದು ಗದರಿ ಕಳಿಸಿದರು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು.

ಹೊರಗೆ ಬಂದದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು ಉಕ್ಕಿ ಬಂತು. ಭಯ ಇದ್ದಷ್ಟು ದಿನ ಇವರನ್ನು ಒಂದು ಮಾತೂ ಅಂದಿರಲಿಲ್ಲ, ಬಾಯೇ ಬಂದಿರಲಿಲ್ಲ. ಗಾಂಧಿ ಬಜಾರಿನ ಹೂವಿನವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಅಷ್ಟು ದೊಡ್ಡ ಹಾಲ್ ಇರಲಿಲ್ಲವೇ, ಒಂದು ದಿನದ ಮಟ್ಟಿಗೆ ದೇವರನ್ನೇ ಅಲ್ಲಿಗೆ ತಂದು ಕೂರಿಸಿದ್ದರೆ ಆಗುತ್ತಿರಲಿಲ್ಲವೇ ಎಂದೆ. ಇವರು ಪಕ್ಕದಲ್ಲೇ ನಡೆಯುತ್ತಿದ್ದರು. ಬೈದು ಬೈದು ಸುಸ್ತಾಗಿ ನಾನು ನಿಂತೆ.

"ನಿಲ್ಲಿಸ್ಬೇಡ ಕಣೇ," ಎಂದರು. ಕಣ್ಣು ತುಂಬಿತ್ತು. "ನೀನು ಬೈತಿದ್ರೇನೇ ಮನೆಗೆ ಹೋಗ್ತಿದೀನಿ ಅಂತ ನಂಬಿಕೆ ಬರೋದು."