ಕಿರುಗತ್ತಿಯ ತುಕ್ಕು

ತುಕ್ಕು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಹೊಟ್ಟೆಪಾಡೇ ಅದು. ಅಬುಧಾಬಿ ಸೀಮೆಯ ರುವೈಸಿನ ರಿಫೈನರಿಯಲ್ಲಿ ಪೈಪು, ಟ್ಯಾಂಕು, ವಾಲ್ವುಗಳಲ್ಲಿ ತುಕ್ಕು ಹುಡುಕುವುದು, ಅದನ್ನು ಉಜ್ಜಿಸಿ ಅಡಿಯಲ್ಲಿ ಎಷ್ಟು ಲೋಹ ಉಳಿದಿದೆ ಎಂದು ಅಳೆಯುವುದು ನನ್ನ ಕೆಲಸ. ಮನೆಯಲ್ಲೂ ಅದೇ ಚಾಳಿ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಒಂದು ಕಲೆ ಕಂಡರೂ ಸ್ಯಾಂಡ್‌ಪೇಪರ್ ಹಿಡಿದು ಕೂರುತ್ತೇನೆ. "ರಜೆಯ ದಿನವಾದ್ರೂ ಅದನ್ನು ಅದರ ಪಾಡಿಗೆ ಬಿಡಿ ಮಾರಾಯ್ರೆ," ಎಂದು ಹೆಂಡತಿ ಬೈಯುತ್ತಾಳೆ. ಇಂಥ ನನ್ನ ಕೈಗೆ ದುಬೈಯ ದೇರಾದ ಸಾಹೇಬರು ತಮ್ಮ ಜಪಾನಿ ಕಿರುಗತ್ತಿಯನ್ನು ಕೊಟ್ಟರು. ಕೊಡಬಾರದಿತ್ತು.

ಸಾಹೇಬರು ಭಟ್ಕಳದವರು. ದೇರಾದಲ್ಲಿ ಅವರದೊಂದು ದಿನಸಿ ಅಂಗಡಿ. ಕುಂದಾಪುರದವನಾದ ನಾನು ಎರಡು ತಿಂಗಳಿಗೊಮ್ಮೆ ಕುಚ್ಚಲಕ್ಕಿಗೂ ಒಣಮೀನಿಗೂ ಅಲ್ಲಿಗೇ ಹೋಗುತ್ತಿದ್ದೆ. ಸುಲೇಮಾನಿ ಚಹಾ ಕುಡಿಸದೆ ಅವರು ಬಿಡುತ್ತಿರಲಿಲ್ಲ. ಅಂದು ಚಹಾದ ಜೊತೆಗೆ ಹಳೆಯ ರೇಷ್ಮೆ ಚೀಲವೊಂದನ್ನೂ ಗಲ್ಲೆಯ ಮೇಲಿಟ್ಟರು. ಒಳಗಿನಿಂದ ಹೊರಬಂದದ್ದು ಮೊಳದುದ್ದದ ಕತ್ತಿ. ಒರೆಯಿಂದ ಎಳೆದಾಗ ಅಲಗು ನಿನ್ನೆ ಮಾಡಿದ್ದೋ ಎಂಬಂತೆ ಹೊಳೆಯಿತು, ಜೊತೆಗೆ ಲವಂಗದ ವಾಸನೆ ಬಂತು.

"ನೀವು ಕಬ್ಬಿಣದ ಡಾಕ್ಟ್ರಲ್ವಾ? ಇದು ಅಸಲಿಯಾ ನಕಲಿಯಾ, ಹೇಳಿ," ಎಂದರು.

ಕಥೆ ಅವರೇ ಹೇಳಿದರು. ಎಳೆ ಹರೆಯದಲ್ಲಿ ದುಬೈಗೆ ಬಂದಾಗ ಅವರಿಗೆ ಹಡಗುಗಳಿಗೆ ತರಕಾರಿ ತಲುಪಿಸುವ ಕೆಲಸ. ಜಪಾನಿ ಹಡಗಿನ ಒಬ್ಬ ಇಂಜಿನಿಯರ್ ಜ್ವರ ಬಂದು ಇಲ್ಲೇ ಉಳಿದುಬಿಟ್ಟ. ಎಂಟು ಜನ ಮಲಗುವ ಕೋಣೆಯಲ್ಲಿ ಸಾಹೇಬರು ತಮ್ಮ ಚಾಪೆಯನ್ನು ಅವನಿಗೆ ಕೊಟ್ಟು, ಹನ್ನೆರಡು ದಿನ ಗಂಜಿ, ಸುಟ್ಟ ಒಣಮೀನು ತಿನ್ನಿಸಿ ಎಬ್ಬಿಸಿ ಕೂರಿಸಿದರು. ಮರುವರ್ಷ ಅವನ ಹಡಗು ಮತ್ತೆ ಬಂತು. "ನಮ್ಮ ಮನೆಯದು" ಎಂದಷ್ಟೇ ಹೇಳಿ ಈ ಚೀಲ ಕೈಗಿಟ್ಟು, ಎಣ್ಣೆ ಹಚ್ಚುವ ಕ್ರಮ ತೋರಿಸಿ ಹೋದ. ಆಮೇಲೆ ಅವನ ಸುದ್ದಿಯಿಲ್ಲ.

"ಮಕ್ಕಳು ನಗಾಡ್ತಾರೆ. ಬಂದರಿನಲ್ಲಿ ಸಿಗುವ ಆಟಿಕೆ ಕೊಟ್ಟು ಟೋಪಿ ಹಾಕಿದ್ದಾನೆ ಅಂತಾರೆ. ನಾನು ಮಾರುವವನಲ್ಲ. ಊರಿಗೆ ಹೋಗಿಬಿಡುವ ಮೊದಲು ಒಂದು ಗೊತ್ತಾಗಬೇಕು. ಅವನು ತನ್ನ ಮನೆಯದನ್ನು ಕೊಟ್ಟನೋ, ಸಂತೆಯದನ್ನು ಕೊಟ್ಟನೋ?"

ನಾನು ಗತ್ತಿನಿಂದ ಪರೀಕ್ಷೆಗಿಳಿದೆ. ಹಿಡಿಗೆ ಹೊದಿಸಿದ್ದ ಬಿಳಿ ಚರ್ಮದ ಗಂಟುಗಳನ್ನು ಮುಟ್ಟಿದೊಡನೆ ಅದು ತೊರಕೆ ಮೀನಿನದೆಂದು ತಿಳಿಯಿತು. ಕಡಲ ಕರೆಯಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಬಿದಿರಿನ ಪುಟ್ಟ ಆಣಿಯನ್ನು ತಟ್ಟಿ ತೆಗೆದು ಹಿಡಿಯನ್ನು ಕಳಚಿದರೆ, ಒಳಗೆ ಅಡಗಿದ್ದ ಕತ್ತಿಯ ಬಾಲ ಕಪ್ಪುಗಂದು ತುಕ್ಕು ಹಿಡಿದು ಕೂತಿತ್ತು. ಹೊರಗೆ ಹೊಳಪು, ಒಳಗೆ ತುಕ್ಕು! ಆಸಿಡ್ ಹಾಕಿ ಹಳತು ಮಾಡಿದ್ದಾರೆ ಎಂಬ ಗುಮಾನಿ ಬಂತು. "ಒಮ್ಮೆ ಉಜ್ಜಿ ನೋಡಿಯೇ ಹೇಳಬೇಕು ಸಾಹೇಬ್ರೆ," ಎಂದೆ. ಅವರು ಕತ್ತಿಯನ್ನೂ, ಅದನ್ನು ಇಟ್ಟುಕೊಳ್ಳಲು ಸರ್ಕಾರ ಕೊಟ್ಟಿದ್ದ ಕಾಗದವನ್ನೂ ಮರುಮಾತಿಲ್ಲದೆ ಕೊಟ್ಟುಬಿಟ್ಟರು. ಅಷ್ಟು ನಂಬಿಕೆ.

ಆ ವಾರವೇ ಆಯುಧಪೂಜೆ ಬಂತು. ಊರಿನಲ್ಲಿ ಆ ದಿನ ಕತ್ತಿ, ಹಾರೆ, ಹೆರೆಮಣೆಗಳಿಗೆಲ್ಲ ಹುಣಸೆಹುಳಿ, ಬೂದಿ ಹಾಕಿ ತಿಕ್ಕದಿದ್ದರೆ ಅಮ್ಮ ಕಾಫಿ ಕೊಡುತ್ತಿರಲಿಲ್ಲ. ರುವೈಸಿನ ಫ್ಲ್ಯಾಟಿನಲ್ಲಿ ಕಾರಿನ ಕೀಲಿ, ಲ್ಯಾಪ್‌ಟಾಪು, ನನ್ನ ಅಳತೆಯ ಉಪಕರಣಗಳನ್ನು ಜೋಡಿಸಿಟ್ಟು, ಸಾಹೇಬರ ಕತ್ತಿಯನ್ನೂ ತಂದೆ. ಪೂಜೆಗೆ ತುಕ್ಕು ಹಿಡಿದದ್ದನ್ನು ಇಡುವುದುಂಟೇ? ಸಿಂಕಿನ ಪಕ್ಕ ನಿಂತು, ಹುಣಸೆಹುಳಿ ಹಚ್ಚಿ, ತಂತಿಯ ಬ್ರಷ್ಷಿನಿಂದ ಬಾಲದ ಒಂದು ಮಗ್ಗುಲನ್ನು ತಿಕ್ಕಿದೆ. ಕಾಲು ಗಂಟೆಯಲ್ಲಿ ಅದು ಬೆಳ್ಳಗಾಯಿತು. ಎಂಥ ಖುಷಿ! ಇನ್ನೊಂದು ಮಗ್ಗುಲಿಗೆ ಮಗುಚಿ, ಬಟ್ಟಲಿಗೆ ಕೈಹಾಕಿದರೆ ಬಟ್ಟಲೇ ಇಲ್ಲ.

"ಇಷ್ಟೇ ಇರೂದು ಹುಳಿ. ನನಗೆ ಸಾರಿಗೆ ಬೇಕು," ಎಂದಳು ಹೆಂಡತಿ, ಬಟ್ಟಲನ್ನು ಒಲೆಯ ಆಚೆಗಿಟ್ಟು.

"ಅರ್ಧ ಆಗಿದೆ, ಕೊಡು ಇಲ್ಲಿ!"

"ಹಬ್ಬದ ದಿನ ಸಾರಿಲ್ಲದೆ ಊಟ ಮಾಡ್ತೀರಾ?"

ನಾನು ಸಿಟ್ಟಿನಿಂದ ಬ್ರಷ್ ಎಸೆದೆ. ಇನ್ನೊಬ್ಬರ ಮನೆಯ ವಸ್ತು ಎಂದು ಕುಂಕುಮ ಹಚ್ಚದೆ, ಒಂದು ಹೂವಿಟ್ಟು ಕೈಮುಗಿದೆ. ಊಟಕ್ಕೆ ಕೂತಾಗಲೂ ಮುಖ ಊದಿಸಿಕೊಂಡಿದ್ದೆ, ಆದರೆ ಸಾರನ್ನು ಎರಡು ಸಲ ಹಾಕಿಸಿಕೊಂಡೆ.

ಉಜ್ಜಿದರೂ ಅಸಲಿಯೋ ನಕಲಿಯೋ ನನಗೆ ತಿಳಿಯಲಿಲ್ಲ. ಮುಂದಿನ ಶನಿವಾರ ಸಾಹೇಬರೂ ನಾನೂ ಅಬುಧಾಬಿಯಲ್ಲಿ ಸೇರಿದೆವು. ಹೋಟೆಲುಗಳ ಚೂರಿ ಮಸೆದುಕೊಡುವ ಜಪಾನಿ ಹಿರಿಯರೊಬ್ಬರು ಅಲ್ಲಿದ್ದಾರೆ, ಹರೆಯದಲ್ಲಿ ಕತ್ತಿಗಳಿಗೆ ಸಾಣೆ ಹಿಡಿಯುವ ಗುರುಗಳ ಬಳಿ ಪಳಗಿದವರು ಎಂದು ನನ್ನ ಸಹೋದ್ಯೋಗಿಯೊಬ್ಬ ಹೇಳಿದ್ದ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲು ಕತ್ತಿಗೆ ತಲೆಬಾಗಿದರು. ಆಮೇಲೆ ಅಲಗನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. ಕತ್ತಿಯ ಹರಿತ ಬಾಯಿಯುದ್ದಕ್ಕೂ ಮಂಜಿನಂಥ ಬಿಳಿಯ ಅಲೆಯೊಂದು ಹರಿದಿತ್ತು. ಆಸಿಡ್ಡಿನಿಂದ ಬರೆದ ಅಲೆ ಬರೀ ಮೇಲ್ಮೈಯಲ್ಲಿರುತ್ತದೆ, ಬೆಂಕಿಯಲ್ಲಿ ಕಾಯಿಸಿ ನೀರಿಗೆ ಅದ್ದಿದಾಗ ಬಂದ ಅಲೆಯಲ್ಲಿ ಸಣ್ಣ ಸಣ್ಣ ಕಣಗಳು ಮಿನುಗುತ್ತವೆ ಎಂದು ತೋರಿಸಿದರು. ಕಣಗಳು ಮಿನುಗುತ್ತಿದ್ದವು. ಎರಡು ಕಡೆ ಕೂದಲೆಳೆಯಂಥ ಸೀಳು, ತುದಿಯನ್ನು ಎಂದೋ ತಿದ್ದಿದ ಗುರುತು ಇದ್ದವು. ಆದರೆ ಬಾಯಿಯನ್ನು ಅಡ್ಡಕ್ಕೆ ಕಡಿಯುವ ಬಿರುಕು, ಕತ್ತಿಯ ಪ್ರಾಣವನ್ನೇ ತೆಗೆಯುವಂಥದ್ದು, ಎಲ್ಲೂ ಇರಲಿಲ್ಲ.

ಅಲಗನ್ನು ಮೂಸಿ, "ಇದನ್ನು ಯಾರು ನೋಡಿಕೊಂಡರು?" ಎಂದರು.

ಸಾಹೇಬರು ಶಾಲೆಯ ಹುಡುಗನಂತೆ ಕೈಯೆತ್ತಿದರು. ಹೊಲಿಗೆ ಯಂತ್ರದ ಎಣ್ಣೆಗೆ ದೇರಾದ ಮಸಾಲೆ ಪೇಟೆಯ ಲವಂಗ ಹಾಕಿ, ಗೆಳೆಯ ಕಲಿಸಿದಂತೆ ವರ್ಷ ತಪ್ಪದೆ ಹಚ್ಚಿದ್ದಾಗಿ ಹೇಳಿದರು. ಜಪಾನಿ ಹಿರಿಯರು ಎದ್ದು ನಿಂತು ಅವರಿಗೂ ತಲೆಬಾಗಿದರು.

ಆಮೇಲೆ ಹಿಡಿ ಕಳಚಿದರು. ನಾನು ಬೆಳ್ಳಗೆ ಮಾಡಿದ್ದ ಮಗ್ಗುಲು ಮೇಲೆ ಬಂತು. ಅವರ ಮುಖ ಕಪ್ಪಿಟ್ಟಿತು.

"ಯಾರು?"

"ನಾನೇ," ಎಂದೆ.

"ಕತ್ತಿಯ ವಯಸ್ಸು ಹೇಳುವುದು ಈ ತುಕ್ಕು. ಇದನ್ನು ಯಾರೂ ಮುಟ್ಟುವುದಿಲ್ಲ. ಈ ಕಡೆ ಇನ್ನು ಏನೂ ಹೇಳುವುದಿಲ್ಲ."

ಸಾಹೇಬರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಐವತ್ತು ವರ್ಷದ ಹತ್ತಿರ ಆ ಮನುಷ್ಯ ಕಾಪಾಡಿದ್ದನ್ನು ನಾನು ಕಾಲು ಗಂಟೆಯಲ್ಲಿ ತೊಳೆದುಹಾಕಿದ್ದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಹಿರಿಯರು ಬಾಲವನ್ನು ನಿಧಾನವಾಗಿ ಮಗುಚಿದರು. ಆ ಕಡೆ ತುಕ್ಕು ಹಾಗೆಯೇ ಇತ್ತು. ಅದರ ನಡುವೆ, ನನ್ನ ಕಣ್ಣಿಗೆ ಬರೀ ಗೀರಿನಂತೆ ಕಂಡಿದ್ದ ಕಡೆ, ಉಳಿಯಿಂದ ಕೊರೆದ ಎರಡು ಅಕ್ಷರಗಳಿದ್ದವು. ಕತ್ತಿ ಮಾಡಿದ ಕಮ್ಮಾರನ ಹೆಸರು. ಭೂತಗನ್ನಡಿ ಹಿಡಿದು ಗೀರುಗಳ ಒಳಗನ್ನೇ ನೋಡಿದರು. ಗೀರಿನ ಒಳಗಿನ ತುಕ್ಕೂ ಹೊರಗಿನ ತುಕ್ಕೂ ಒಂದೇ ಬಣ್ಣ, ಒಂದೇ ವಯಸ್ಸು. ಸುಳ್ಳು ಹೆಸರನ್ನು ಆಮೇಲೆ ಕೊರೆದಿದ್ದರೆ ಒಳಗೆ ಎಳೆಯ ತುಕ್ಕು ಇರುತ್ತಿತ್ತು. "ಮುನ್ನೂರು ವರ್ಷ ಆಗಿರಬಹುದು. ಹೆಸರು ನಿಜ," ಎಂದರು. ಅಲಗಿನ ಬುಡದ ಹಿತ್ತಾಳೆಯ ಕೊರಳಪಟ್ಟಿಯನ್ನು ಬಟ್ಟೆಯಿಂದ ಒರೆಸಿ, ಮೂರು ಎಲೆಗಳ ಸಣ್ಣ ಗುರುತನ್ನು ತೋರಿಸಿದರು. ಅದೇ ಗುರುತು ರೇಷ್ಮೆ ಚೀಲದ ಮೂಲೆಯಲ್ಲೂ ನೇಯ್ದಿತ್ತು. "ಇದು ಒಂದು ಮನೆತನದ ಚಿಹ್ನೆ. ಚೀಲ, ಕತ್ತಿ ಎರಡೂ ಒಂದೇ ಮನೆಯವು. ಅವರು ಮನೆಯದನ್ನೇ ಕೊಟ್ಟಿದ್ದಾರೆ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಖಲಾಸ್," ಎಂದರು. "ನನಗೆ ಇಷ್ಟು ಸಾಕು."

ಕಾರಿನಲ್ಲಿ ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಅವರಿಗೆ ಇನ್ನೊಂದು ಮಗ್ಗುಲು ಹೇಗೆ ಉಳಿಯಿತು ಎಂಬುದೇ ಕುತೂಹಲ. ಸಾರಿನ ಕಥೆ ಹೇಳಿದೆ. ಕೆಮ್ಮು ಬರುವವರೆಗೆ ನಕ್ಕರು. "ನಿಮ್ಮ ಮನೆಯವರಿಗೆ ನನ್ನ ಸಲಾಂ ಹೇಳಿ. ಅವರ ಸಾರಿಗೆ ಅಲ್ಲಾ ಬರಕತ್ತು ಕೊಡಲಿ."

ಊರಿಗೆ ಹೊರಡುವ ಮೊದಲು ಅವರು ಮಾಡಿದ್ದು ಮಾತ್ರ ನನಗೆ ಇಂದಿಗೂ ನಂಬಲಾಗುವುದಿಲ್ಲ. ಕತ್ತಿಯನ್ನೂ, ನನ್ನ ಹೆಸರಿಗೆ ಮಾಡಿಸಿದ ಕಾಗದವನ್ನೂ, ಲವಂಗದ ಎಣ್ಣೆಯ ಬಾಟಲಿಯನ್ನೂ ನನ್ನ ಮುಂದಿಟ್ಟರು.

"ನನಗಾ? ಹಾಳು ಮಾಡಿದವನಿಗಾ?" ಎಂದೆ.

"ಮಕ್ಕಳಿಗೆ ಕೊಟ್ಟರೆ ಗೋಡೆಗೆ ತೂಗುಹಾಕ್ತಾರೆ, ಮರೀತಾರೆ. ಅವರನ್ನು ಕೇಳಿಯೇ ಕೊಡ್ತಾ ಇರೂದು, ಬೇಡ ಅಂದರು. ನೀವು ಇನ್ನು ಸಾಯುವವರೆಗೆ ಇದನ್ನು ಮರೆಯೂದಿಲ್ಲ. ಅಲಗಿಗೆ ಎಣ್ಣೆ, ಬಾಲಕ್ಕೆ ಎಂತದೂ ಬೇಡ. ಗೊತ್ತಾಯ್ತಾ?"

ಗೊತ್ತಾಯಿತು. ಜೀವಮಾನದಲ್ಲಿ ಯಾರೂ ನನ್ನ ತಪ್ಪನ್ನು ಇಷ್ಟು ದೊಡ್ಡ ಮನಸ್ಸಿನಿಂದ ನನ್ನ ಕೈಗೇ ಒಪ್ಪಿಸಿದ್ದಿಲ್ಲ.

ಇದಾಗಿ ನಾಲ್ಕು ಆಯುಧಪೂಜೆಗಳು ಕಳೆದಿವೆ. ಆ ದಿನ ಬೆಳಿಗ್ಗೆ ಹೆಂಡತಿ ಹುಣಸೆಹುಳಿಯ ಡಬ್ಬಿಯನ್ನು ನನ್ನ ಕಣ್ಣೆದುರೇ ಕಪಾಟಿನ ಮೇಲಿನ ಖಾನೆಗೆ ಏರಿಸುತ್ತಾಳೆ, ಬೇಕೆಂದೇ. ನಾನು ಅಲಗಿಗೆ ಎಣ್ಣೆ ಹಚ್ಚಿ, ಹಿಡಿ ಕಳಚಿ, ಬಾಲದ ಬೆಳ್ಳಗಿನ ಮಗ್ಗುಲನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಪ್ರತಿ ವರ್ಷವೂ ಭಟ್ಕಳದಿಂದ ಫೋನು ಬರುತ್ತದೆ. ಈ ಸಲ ಸಾಹೇಬರ ಸ್ವರ ತೀರಾ ಸೋತಿತ್ತು, ಆದರೆ ಕೇಳಿದ್ದು ಅದೇ ಪ್ರಶ್ನೆ.

"ತುಕ್ಕು ಬಂತಾ?"

"ಬಂತು ಸಾಹೇಬ್ರೆ," ಎಂದೆ. "ಬಾಲದ ಅಂಚಿನಲ್ಲಿ ಸ್ವಲ್ಪ, ಕಂದು ಬಣ್ಣ. ಚಂದ ಉಂಟು."