ತಪನ್‌ಗೆ ಒಂದು ಬಾಡಿಗೆ ಮನೆ

ಹೋದ ತಿಂಗಳು ಒಂದು ಬೆಳಿಗ್ಗೆ ಶಿಗ್ಗಾಂವ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. ಪಕ್ಕದಲ್ಲಿ ಸೆರಗು ಹಿಡಿದು ನಿಂತ ಮೂರು ವರ್ಷದ ಮಗಳು. ತಾಯಿ ಅಳುತ್ತಲೇ ಏನೇನೋ ಹೇಳುತ್ತಿದ್ದಳು. ಒಂದಕ್ಷರವೂ ನನಗೆ ತಿಳಿಯಲಿಲ್ಲ.

ನಾನು ಹಾನಗಲ್ಲಿಗೆ ಹೊರಟಿದ್ದೆ, ತಂಗಿಯ ಬಸುರಿ ಮಗಳ ಕುಬಸಕ್ಕೆ. ಬಸ್ಸು ಬಂತು, ಹೋಯಿತು. ಕೈ ಬಿಡಿಸಿಕೊಳ್ಳುವುದು ಹೇಗೆ?

ಅವಳನ್ನು ಕರೆತಂದ ಆಟೋದವನೇ ಕಥೆ ಹೇಳಿದ. "ಹೈವೇ ಢಾಬಾದ ಮುಂದ ಅಳಕೋತ ನಿಂತಿದ್ಳ್ರಿ ಅಕ್ಕೋರ. ಮುಂಬೈಯಿಂದ ಬಂದ ಬಸ್ಸಂತ, ಢಾಬಾದವ್ರು ಹೇಳಿದ್ರು. ಮಗೂನ ಟಾಯ್ಲೆಟ್ಟಿಗೆ ಕರ್ಕೊಂಡು ಇಳದಾಳ, ಬಸ್ಸು ಬಿಟ್ಟು ಹೋಗೇತಿ. ಗಂಡ ಒಳಗ ಮಲ್ಕೊಂಡಾನಂತ ಕೈಸನ್ನಿ ಮಾಡ್ತಾಳ. ಫೋನೂ ಬ್ಯಾಗ್‌ನ್ಯಾಗ ಹೋತು."

(ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದರಿಂದ ಈ ಊರಿಗೆಲ್ಲ ನಾನು ಅಕ್ಕೋರು. ನಿವೃತ್ತಿಯಾದರೂ ಬಡ್ತಿಯಿಲ್ಲ.)

ಐದು ನಿಮಿಷದಲ್ಲಿ ಜನ ಸೇರಿದರು. ನಮ್ಮೂರ ಮಂದಿ ಒಳ್ಳೆಯವರು. ಒಬ್ಬರು ಚಹಾ ತಂದರು, ಇನ್ನೊಬ್ಬರು ಮಗುವಿಗೆ ಬಿಸ್ಕೀಟು. ಕಂಟ್ರೋಲರ್ ಸಾಹೇಬರು ಹಿಂದಿಯಲ್ಲಿ ಕೇಳಿದರು. ಅವಳಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ ಕೇಳಿದರು. (ಭಾಷೆ ಬಾರದವರಿಗೆ ಕಿವಿಯೂ ಕೇಳುವುದಿಲ್ಲ ಎಂದು ನಾವೆಲ್ಲ ಯಾಕೆ ತಿಳಿದುಕೊಳ್ಳುತ್ತೇವೋ.) ಬಾಳೆಹಣ್ಣಿನ ಗಾಡಿಯ ಇಮಾಮಸಾಬ ಉರ್ದುವಿನಲ್ಲಿ ಯತ್ನಿಸಿದ. ಲೇಡಿ ಕಂಡಕ್ಟರ್ ಒಬ್ಬರು ಮರಾಠಿಯಲ್ಲಿ.

ನನ್ನ ಮೊಬೈಲನ್ನೇ ಅವಳ ಕೈಗೆ ಕೊಟ್ಟು ನಂಬರು ಒತ್ತುವಂತೆ ಸನ್ನೆ ಮಾಡಿದೆ. ಒತ್ತಿದಳು. ಯಾರೋ ನಿದ್ದೆಗಣ್ಣಿನಲ್ಲಿ ಬೈದರು. ಮತ್ತೆ ಒತ್ತಿದಳು. ಆ ನಂಬರೇ ಇಲ್ಲ ಎಂದಿತು ಫೋನು. ಮೂರನೇ ಸಲ ಅರ್ಧಕ್ಕೇ ಬಿಟ್ಟು, ಫೋನು ಮರಳಿ ಕೊಟ್ಟು ಮತ್ತೆ ನನ್ನ ಕೈ ಹಿಡಿದುಕೊಂಡಳು. ಗಾಬರಿಯಲ್ಲಿ ಗಂಡನ ನಂಬರು ಮರೆತುಹೋಗಿತ್ತು. ಸುತ್ತ ಮೂವತ್ತು ಜನ, ಮೂವತ್ತು ಸಲಹೆ. ಅವಳ ಪಾಲಿಗೆ ಅದೆಲ್ಲ ಬರೀ ಗದ್ದಲ.

ಆಗ ಇಮಾಮಸಾಬ ಹೇಳಿದ. "ಇದು ಬಂಗಾಲಿ ಇದ್ದಂಗೈತ್ರಿ. ಪ್ಯಾಟ್ಯಾಗ ಬಂಗಾರದಂಗಡಿ ಮಾಳಿಗಿ ಮ್ಯಾಲ ಒಬ್ಬ ಬಂಗಾಲಿ ಕೆಲಸ ಮಾಡ್ತಾನಲ್ರಿ. ಅವನ್ನ ಕರಸೂಣು."

ಹೌದಲ್ಲ. ನನ್ನ ಬೋರಮಾಳ ಸರದ ಕೊಂಡಿಯನ್ನು ಎರಡು ಸಲ ಕೂಡಿಸಿಕೊಟ್ಟವನು. ಎಂಟು ವರ್ಷದಿಂದ ಊರಿನಲ್ಲಿದ್ದಾನೆ. ನಮ್ಮ ಹಾಗೇ ಕನ್ನಡ ಮಾತಾಡುತ್ತಾನೆ.

ಆಟೋದವ ಹೋಗಿ ಕರೆತಂದ. ಆ ಬಂಗಾಲಿ ಹುಡುಗ ಗುಂಪು ಸರಿಸಿ ಬಂದು, ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಒಂದೇ ಒಂದು ಮಾತು ಹೇಳಿದ. ಅವಳ ಅಳು ನಿಂತಿತು. ನನ್ನ ಕೈ ಬಿಟ್ಟಳು. ಇಬ್ಬರೂ ಬೆಂಚಿನ ಮೇಲೆ ಕೂತು ಮಾತಾಡಿದರು. ಅವಳು ನೀರು ಕುಡಿದಳು. ಆಮೇಲೆ ತಾನಾಗಿ ಫೋನು ಕೇಳಿ ಇಸಿದುಕೊಂಡು ತಪ್ಪಿಲ್ಲದೆ ಹತ್ತೂ ಅಂಕಿ ಒತ್ತಿದಳು.

ಗಂಡ ಎತ್ತಿದ. ರಾಣೆಬೆನ್ನೂರಿನ ಹತ್ತಿರ ಎಚ್ಚರವಾಗಿ, ಡ್ರೈವರನ ಜೊತೆ ಜಗಳ ಹಿಡಿದಿದ್ದನಂತೆ. ಅಲ್ಲೇ ಇಳಿದು ವಾಪಸ್ ಬಸ್ಸು ಹತ್ತುತ್ತೇನೆ ಎಂದ. ಗುಂಪು ಸಮಾಧಾನದಿಂದ ಚದುರಿತು.

ಅವನು ಬರುವ ತನಕ ನಾವು ಕ್ಯಾಂಟೀನಿನಲ್ಲಿ ಕೂತೆವು. ನಾನು ಕೇಳಿದೆ, "ಮೊದಲ ಏನಂದಿ ಆಕಿಗೆ?"

"ಏನಿಲ್ರಿ. ಊಟ ಆತೇನು ಅಂತ ಕೇಳಿದೆ."

ಅದನ್ನು ನಾವೂ ಕೇಳಿದ್ದೆವು. ನಾಲ್ಕು ಭಾಷೆಯಲ್ಲಿ.

"ನಿನ್ನ ಹೆಸರೇನಪ್ಪ?" ಕೇಳುವಾಗ ನನಗೇ ನಾಚಿಕೆಯಾಯಿತು. ಎಂಟು ವರ್ಷ.

"ತಪನ್ ರೀ," ಎಂದು ನಕ್ಕ. "ಭಾಳ ಸಂತೋಷ ಆತ್ರಿ ಅಕ್ಕೋರ, ಎದುರಾ ಎದುರು ನಮ್ಮ ಮಾತು ಆಡಿ. ಇಲ್ಲಿ ಬರೇ ಫೋನ್‌ನ್ಯಾಗ ಆಡೋದು. ಬರೋ ತಿಂಗಳು ಮುಂಬೈಗೆ ಹೊಂಟೇನ್ರಿ. ಮೊದಲ ಅಲ್ಲೇ ಇದ್ದೆ."

"ಯಾಕ? ಇಲ್ಲಿ ಕೆಲಸ ಚಲೋ ಐತಲ್ಲ?"

"ಕೆಲಸ ಐತ್ರಿ. ಮನಿ ಇಲ್ಲ. ಹೆಂಡ್ತಿನ್ನ, ಮಗಳನ್ನ ಕರಸ್ಕೋಬೇಕು, ಸಾಲಿಗೆ ಹಚ್ಚಬೇಕು. ಒಂಬತ್ತ ಮನಿ ಕೇಳಿದೆ. ಮೀನ ತಿಂತಿರೇನು ಅಂತಾರ. ಹೂಂ ಅಂದ್ರ ಮುಗೀತು."

"ಮುಂಬೈಯಾಗ ಎಲ್ಲಾರೂ ಕೊಡ್ತಾರೇನು?"

"ಇಲ್ರಿ. ಅಲ್ಲೂ ಹತ್ತು ಮಂದಿ ಒಲ್ಲೆ ಅಂತಾರ. ಆದ್ರ ಅಲ್ಲಿ ಹನ್ನೊಂದನೇ ಮನಿ ಇರ್ತೈತಿ. ಇಲ್ಲಿ ಒಂಬತ್ತಕ್ಕ ಊರ ಮುಗದಬಿಡ್ತು."

ಹಿರೇಕೆರೂರಿನ ನನ್ನ ಗೆಳತಿಯೊಬ್ಬಳು ನಿವೃತ್ತಿಯಾದ ಮೇಲೆ ಪುಣೆ ಸೇರಿದ್ದಾಳೆ. ದೊಡ್ಡ ಊರು ಯಾಕೆ ಚೆಂದ ಎಂದು ವಾರಕ್ಕೊಮ್ಮೆ ಫೋನಿನಲ್ಲಿ ವರದಿ ಒಪ್ಪಿಸುತ್ತಾಳೆ. ಮೆಟ್ರೊ, ದೊಡ್ಡ ಆಸ್ಪತ್ರೆ, ವಾಕಿಂಗಿಗೆ ಪಾರ್ಕು, ಮನೆ ಬಾಗಿಲಿಗೇ ಬರುವ ತರಕಾರಿ. ಹನ್ನೊಂದನೇ ಮನೆಯ ವಿಷಯ ಅವಳು ಯಾವತ್ತೂ ಹೇಳಿರಲಿಲ್ಲ. ಅವಳಿಗೆ ಮೊದಲನೇ ಮನೆಯೇ ಸಿಕ್ಕಿತ್ತು, ಅದಕ್ಕೇ ಇರಬೇಕು.

ನಮ್ಮ ಮನೆಯ ಮೇಲಿನ ಎರಡು ಕೋಣೆ ಆರು ತಿಂಗಳಿಂದ ಖಾಲಿ. ನನಗೆ ಅದು ಆ ಕ್ಷಣ ನೆನಪಾಗದೇ ಇದ್ದೀತೇ? ಕೇಳಿಯೇ ಬಿಟ್ಟೆ, "ನಮ್ಮನ್ನ ಯಾಕ ಕೇಳಲಿಲ್ಲ?"

ತಪನ್ ಚಹಾದ ಕಪ್ಪು ನೋಡಿದ. "ಕೇಳಿದ್ನಿರಿ. ಸಾವ್ಕಾರ್ರನ್ನ. ನಮ್ಮ ಮನ್ಯಾಗ ಅಕ್ಕೋರು ಒಪ್ಪಂಗಿಲ್ಲ ಅಂದ್ರು."

ಸಾವ್ಕಾರ್ರು ಅಂದರೆ ನಮ್ಮ ಮನೆಯವರು. ಕಾಳುಕಡಿ ವ್ಯಾಪಾರಿ. ಈ ಮನೆಯಲ್ಲಿ ನನ್ನನ್ನು ಕೇಳಿ ಯಾವ ತೀರ್ಮಾನವಾದದ್ದೂ ನನಗೆ ನೆನಪಿಲ್ಲ. ಇದೊಂದಕ್ಕೆ ನನ್ನ ಹೆಸರು.

ಎರಡು ತಾಸಿಗೆ ಆ ಹೆಣ್ಣುಮಗಳ ಗಂಡ ಓಡುತ್ತ ಬಂದ. ಮಗುವನ್ನು ಎತ್ತಿಕೊಂಡು, ತಪನ್‌ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವರನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿ, ಕುಬಸದ ಹೊತ್ತು ಮೀರಿದ್ದರಿಂದ ನಾನು ಮನೆಗೆ ನಡೆದೆ. ದಾರಿಯುದ್ದಕ್ಕೂ ಜಗಳದ ಪೀಠಿಕೆ ತಯಾರಿಸಿದೆ.

"ಆ ಬಂಗಾಲಿ ಹುಡುಗ ಮನಿ ಕೇಳಿದ್ನೇನ್ರಿ?"

"ಕೇಳಿದ್ದ." ನಮ್ಮವರು ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

"ನನ್ನ ಹೆಸರ ಯಾಕ ಹೇಳಿದ್ರಿ?"

"ಮತ್ತ ನೀ ಒಪ್ತಿದ್ದೇನು?"

ಪೀಠಿಕೆ ಅಲ್ಲೇ ನಿಂತಿತು. ಎಲ್ಲರೂ ನಮ್ಮವರೇ ಎಂಬ ಪಾಠವನ್ನು ಮೂವತ್ತಮೂರು ವರ್ಷ ಕಲಿಸಿದ್ದೇನೆ. ಆ ವಿಷಯದ ಪ್ರಬಂಧಗಳಿಗೆ ಬಹುಮಾನ ಕೊಟ್ಟಿದ್ದೇನೆ. ಆದರೆ ನಮ್ಮ ಮಾಳಿಗೆಯಿಂದ ಮೀನಿನ ವಾಸನೆ ಇಳಿದು ಬರುವುದನ್ನು ನೆನೆದ ಕೂಡಲೇ ಕೈ ತಾನಾಗಿ ಮೂಗಿಗೆ ಹೋಯಿತು. ಸುಳ್ಳು ಯಾಕೆ ಹೇಳಲಿ? ಆಗ ತಪನ್ ನನ್ನನ್ನೇ ಕೇಳಿದ್ದರೆ, ನಾನೂ "ಸಾವ್ಕಾರ್ರು ಒಪ್ಪಂಗಿಲ್ಲ" ಅನ್ನುತ್ತಿದ್ದೆ.

ಎರಡು ದಿನ ಮನೆಗೆಲಸದಲ್ಲಿ ಮುಳುಗಿದೆ. ನನ್ನ ಕೈ ಹಿಡಿದುಕೊಂಡಿದ್ದ ಆ ಬೆರಳುಗಳು ಮಾತ್ರ ಬಿಡಲೊಲ್ಲವು. ಮೂರನೇ ದಿನ ನಾನೇ ಹೇಳಿದೆ, "ಮ್ಯಾಲಿನ ಮನಿ ಅವಗ ಕೊಡೋಣ."

"ಬೀಗರು ಬಂದ್ರ?"

"ಬೀಗರು ವರ್ಷಕ್ಕ ಎಷ್ಟ ಸಲ ಬರ್ತಾರ್ರಿ?"

ಅವರು ಊಟ ಮುಗಿಸಿ ಎದ್ದರು. ಕೈ ತೊಳೆದುಕೊಂಡು ಬಂದು ಅಂದರು, "ಅಡಿಗಿ ಮನಿ ಕಿಡಕಿ ಹಿತ್ತಲ ಕಡೆ ಐತಿ. ನಡೀತೈತಿ ತಗೋ." ನಮ್ಮವರ ಬಾಯಲ್ಲಿ ಇದು ದೊಡ್ಡ ಭಾಷಣ.

ಅಂಗಡಿಗೆ ಹೋಗಿ ಹೇಳಿದರೆ ತಪನ್ ಮಾತ್ರ ಕೂಡಲೇ ಹಿಗ್ಗಲಿಲ್ಲ. ಕೈಯಲ್ಲಿದ್ದ ಚಿಮಟ ಕೆಳಗಿಟ್ಟು ಹೇಳಿದ, "ಅಕ್ಕೋರ, ಬಾಗಲಾ ಹಾಕ್ಕೊಂಡು ಕದ್ದು ಅಡಿಗಿ ಮಾಡೂದಾದ್ರ ಬ್ಯಾಡ್ರಿ. ಹೆಂಡ್ತಿ ಹೊಸಾ ಊರಿಗೆ ಬರಾಕತ್ತಾಳ."

"ಬಾಗಲಾ ತಗದ ಮಾಡ್ರಿ," ಅಂದೆ. ಅನ್ನುವಾಗ ಅವನ ಮುಖ ಬಿಟ್ಟು ಚಿಮಟವನ್ನೇ ನೋಡುತ್ತಿದ್ದೆ. ಅವನು ಅದನ್ನು ಗಮನಿಸಿದ ಎಂದೇ ನನ್ನ ಅನುಮಾನ. ಆದರೂ ಸಂಜೆ ಬಂದು ಕೋಣೆ ನೋಡಿದ, ವಿಡಿಯೋ ಕಾಲಿನಲ್ಲಿ ಹೆಂಡತಿಗೆ ತೋರಿಸಿದ, ಮುಂಬೈಯವರಿಗೆ ಫೋನು ಮಾಡಿ ಬರುವುದಿಲ್ಲ ಎಂದ.

ಹೆಂಡತಿ ಮಿತಾಲಿ ಮತ್ತು ಐದು ವರ್ಷದ ಮಗಳು ಬಂದು ಹನ್ನೆರಡು ದಿನವಾಯಿತು. ಮೊದಲನೇ ಭಾನುವಾರ ಆ ವಾಸನೆ ಬಂದೇ ಬಂತು. ಹಿತ್ತಲ ಕಡೆಯ ಕಿಟಕಿಯನ್ನು ಅದು ಲೆಕ್ಕಕ್ಕೇ ಇಡಲಿಲ್ಲ. ನಮ್ಮವರು ಪೇಪರು ಓದುತ್ತ ಕೂತಿದ್ದರು. ಎದ್ದು ಎರಡು ಊದಿನಕಡ್ಡಿ ಹಚ್ಚಿದರು. ಹತ್ತು ನಿಮಿಷ ಬಿಟ್ಟು ಮತ್ತೆ ನಾಲ್ಕು. ನಾನು ಫ್ಯಾನು ಜೋರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ವಾಸನೆಯೂ ಹೋಯಿತು, ಊಟವೂ ಸೇರಿತು. ನಾವು ಬಹಳ ದೊಡ್ಡ ಮನಸ್ಸಿನವರು ಎಂದು ನನಗೆ ಒಳಗೊಳಗೇ ಅನ್ನಿಸಿದ್ದೂ ಹೌದು.

ಮೊನ್ನೆ ಗುರುವಾರ ವರ್ಷದ ಖಾರಪುಡಿಗೆಂದು ಕೂತೆ. ದೊಡ್ಡ ಬಾಣಲೆ, ಬ್ಯಾಡಗಿ ಮೆಣಸಿನಕಾಯಿ, ಜೊತೆಗೆ ಬೆಳ್ಳುಳ್ಳಿ. ಘಾಟು ಏಳುತ್ತಿದ್ದಂತೆ ಮೇಲೆ ಕೆಮ್ಮು ಶುರುವಾಯಿತು. ಮೊದಲು ಮಗು, ಆಮೇಲೆ ತಾಯಿ. ಎರಡು ನಿಮಿಷಕ್ಕೆ ಮಿತಾಲಿ ಮೂಗಿಗೆ ಸೆರಗು ಒತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬಾಣಲೆ ನೋಡಿದಳು, ನನ್ನನ್ನು ನೋಡಿದಳು. ಹತ್ತು ದಿನದಲ್ಲಿ ಕಲಿತ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, ಬಹಳ ಮರ್ಯಾದೆಯಿಂದ ಅಂದಳು, "ಅಕ್ಕೋರ, ಕಿಡಕಿ ಹಾಕ್ರಿ."

ಪಡಸಾಲೆಯಲ್ಲಿ ನಮ್ಮವರು ಬಿದ್ದು ಬಿದ್ದು ನಗುತ್ತಿದ್ದರು. ನಾನು ಎದ್ದು ಕಿಟಕಿ ಹಾಕಿದೆ.

ಅವರ ಅಡಿಗೆಯ ವಾಸನೆಯನ್ನು ಊರೆಲ್ಲ ವಿಚಾರಿಸಿತ್ತು. ನಮ್ಮದು ಅವರಿಗೆ ತಡೆದೀತೇ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಿದ್ದರೇ?