ಪಾಕೀಟಿನ ಇಂಗ್ಲಿಷ್

ನನ್ನ ಮಗಳಿಗೆ ಶೇಂಗಾ ಆಗುವುದಿಲ್ಲ. ಈ ಮಾತನ್ನು ನಮ್ಮ ಬಸವನ ಬಾಗೇವಾಡಿಯಲ್ಲಿ ನಿಂತು ಹೇಳಿ ನೋಡಬೇಕು! ಮೂರು ವರ್ಷದವಳಿದ್ದಾಗ ಒಂದು ತುಂಡು ಚಿಕ್ಕಿ ತಿಂದು ಅವಳ ತುಟಿ ಬಾತು, ಮೈತುಂಬ ದದ್ದು ಎದ್ದಿತು. ವಿಜಯಪುರದ ಡಾಕ್ಟರು ಪರೀಕ್ಷೆ ಮಾಡಿಸಿ, ಇನ್ನೊಮ್ಮೆ ಒಂದು ಕಾಳು ಹೊಟ್ಟೆಗೆ ಹೋದರೂ ಉಸಿರೇ ಕಟ್ಟಬಹುದು ಎಂದರು. ಊರಿಗೆ ಬಂದು ಹೇಳಿದರೆ ಮಂದಿ ನಕ್ಕರು. ‘ಶೇಂಗಾ ತಿಂದು ಯಾರರ ಸತ್ತಾರೇನು?’ ಎಂದು ಕೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೂರ್ನಾಲ್ಕು ಮನೆಯವರ ಜೊತೆ ಮಾತು ಬಿಟ್ಟೆ.

ಮನೆಯಿಂದ ಶೇಂಗಾ ಡಬ್ಬಿ ಹೊರಗೆ ಹಾಕಿದ್ದಾಯಿತು. ಉಳಿದದ್ದು ಅಂಗಡಿಯ ತಿನಿಸು. ಪಾಕೀಟಿನ ಹಿಂದೆ ಇರುವೆ ಸಾಲಿನಂಥ ಸಣ್ಣ ಇಂಗ್ಲಿಷು. ನಾನು ಕನ್ನಡ ಶಾಲೆಯಲ್ಲಿ ಓದಿ, ಇಂಗ್ಲಿಷ್ ಪೇಪರಿನಲ್ಲಿ ಹೇಗೋ ದಡ ಸೇರಿದವಳು. ಒಂದು ನೋಟ್‌ಬುಕ್ ಇಟ್ಟು ಶಬ್ದ ಬರೆಯತೊಡಗಿದೆ. ಮೊದಲ ಶಬ್ದ ಪೀನಟ್. ಅದನ್ನೇ ಕೆಲವು ಕಂಪನಿಯವರು ಗ್ರೌಂಡ್‌ನಟ್ ಎಂದು ಬರೆಯುತ್ತಾರೆಂದು ಗೊತ್ತಾದದ್ದು ಒಂದು ಅವಲಕ್ಕಿ ಚೂಡಾ ಪಾಕೀಟಿನಿಂದ. ಅದು ಆಗಲೇ ಮಗಳ ಕೈಯಲ್ಲಿತ್ತು, ಪುಣ್ಯಕ್ಕೆ ಇನ್ನೂ ಒಡೆದಿರಲಿಲ್ಲ.

ಆಮೇಲೆ ಸ್ಟಾರ್ಚ್, ಎಡಿಬಲ್ ಆಯಿಲ್, ಕಂಟೇನ್ಸ್ ಅಂದರೆ ಇದರಲ್ಲಿ ಇದೆ, ಮೇ ಕಂಟೇನ್ ಅಂದರೆ ಇರಬಹುದು. ತಿಳಿಯದ್ದನ್ನು ಮೊಬೈಲಿಗೆ ಕೇಳುತ್ತಿದ್ದೆ. ‘ಅಕ್ಕಾರ, ತಗೊಳ್ಳೂದು ಒಂದು ಬಿಸ್ಕೀಟ್, ಓದೂದು ದಿನಾ ಪೇಪರ್ ಓದಿದಂಗ ಓದ್ತೀರಲ್ರಿ’ ಎಂದು ಅಂಗಡಿಯವನು ಕಾಲೆಳೆಯುತ್ತಿದ್ದ. ನೋಟ್‌ಬುಕ್ ಅರ್ಧ ತುಂಬಿದಾಗ ನನಗೆ ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮಗಳಿಗೆ ಐದು ತುಂಬಿದ ಮೇಲೆ ನಾಲತವಾಡಕ್ಕೆ, ಗಂಡನ ಅಕ್ಕನ ಮನೆಗೆ, ಅವಳೊಬ್ಬಳನ್ನೇ ಕರೆದುಕೊಂಡು ಹೋದೆ. ಮೊದಲೇ ಫೋನಿನಲ್ಲಿ ಎಲ್ಲ ಹೇಳಿದ್ದೆ. ಊಟಕ್ಕೆ ಕೂರುವಾಗ ಮತ್ತೆ ಕೇಳಿದೆ.

‘ನೀ ಹೇಳಿದ ಮ್ಯಾಲೆ ಶೇಂಗಾ ಚಟ್ನಿನೂ ಮಾಡಿಲ್ಲ, ಹೋಳಿಗಿನೂ ಮಾಡಿಲ್ಲ ತಂಗಿ. ಬರೇ ಹೀರೀಕಾಯಿ ಪಲ್ಯ. ಅದರಾಗ ಏನೂ ಹಾಕಿಲ್ಲ’ ಎಂದರು.

ಅವರು ಸುಳ್ಳು ಹೇಳಲಿಲ್ಲ. ಇಳಿಸುವಾಗ ಒಂದು ಹಿಡಿ ಶೇಂಗಾಪುಡಿ ಉದುರಿಸಿದ್ದು ಅವರ ಲೆಕ್ಕದಲ್ಲಿ ಹಾಕಿದ್ದೇ ಅಲ್ಲ. ನಮ್ಮ ಕಡೆ ಪಲ್ಯಕ್ಕೆ ಅದು ಉಪ್ಪಿದ್ದಂತೆ. ಉಪ್ಪು ಹಾಕಿದ್ದೇನೆಂದು ಯಾರು ಹೇಳುತ್ತಾರೆ?

ನಾಲ್ಕು ತುತ್ತು ತಿಂದು ಮಗಳು, ‘ಅವ್ವಾ, ಗಂಟಲಾಗ ಏನೋ ಐತಿ’ ಎಂದಳು. ದನಿ ಆಗಲೇ ದಪ್ಪಗಾಗಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಮುದ್ದೇಬಿಹಾಳಕ್ಕೆ ಹೊರಟೆವು. ‘ಅದೂ ಶೇಂಗಾನ ಅಂತ ತಲೀಗೇ ಬರಲಿಲ್ಲ ಯವ್ವಾ’ ಎಂದು ಗಂಡನ ಅಕ್ಕ ದಾರಿಯುದ್ದಕ್ಕೂ ಅತ್ತರು. ನಾನು ಅವರಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮಗಳು ಉಸಿರೆಳೆದಾಗಲೆಲ್ಲ ಸೀಟಿ ಊದಿದಂಥ ಸದ್ದು ಬರುತ್ತಿತ್ತು.

ಆಸ್ಪತ್ರೆಯಲ್ಲಿದ್ದವರು ಬೇರೆ ರಾಜ್ಯದಿಂದ ಬಂದ ಎಳೆಯ ಡಾಕ್ಟರು. ಕನ್ನಡ ಬಾರದು. ನರ್ಸು ಇನ್ನೊಂದು ಕೋಣೆಯಲ್ಲಿದ್ದಳು. ಡಾಕ್ಟರು ಇಂಗ್ಲಿಷಿನಲ್ಲಿ ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಗಂಟಲು, ಬಾವು, ಉಸಿರು, ನುಂಗುವುದು, ಒಂದಕ್ಕೂ ನನ್ನ ಹತ್ತಿರ ಶಬ್ದವಿರಲಿಲ್ಲ. ಕಲಿತದ್ದೆಲ್ಲ ಪಾಕೀಟಿನಿಂದ, ಬಿಸ್ಕೀಟಿಗೆ ಗಂಟಲು ಎಲ್ಲಿರುತ್ತದೆ? ಕೊನೆಗೆ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, ‘ಕಂಟೇನ್ಸ್ ಪೀನಟ್! ಕಂಟೇನ್ಸ್ ಪೀನಟ್!’ ಎಂದು ಕಿರುಚಿದೆ.

ಡಾಕ್ಟರು ಅವಳ ತುಟಿ ನೋಡಿದರು, ಮತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ತೊಡೆಗೆ ಇಂಜೆಕ್ಷನ್ ಬಿತ್ತು. ಆ ಸೀಟಿ ಸದ್ದು ಇಳಿಯುವವರೆಗೆ ನಾನು ಮಂಚದ ಕಂಬಿ ಹಿಡಿದೇ ನಿಂತಿದ್ದೆ. ಮರುದಿನದವರೆಗೆ ಅಲ್ಲೇ ಇಟ್ಟುಕೊಂಡರು.

ಹೊರಡುವ ಮುಂಚೆ ನರ್ಸಿನ ಕಡೆಯಿಂದ ಮೂರು ವಾಕ್ಯ ಬರೆಸಿಕೊಂಡೆ. ನಾನು ಎಲ್ಲ ಕಡೆಯೂ ಇರುವುದಿಲ್ಲ, ಎಲ್ಲ ಡಾಕ್ಟರಿಗೂ ಕನ್ನಡ ಬರುವುದಿಲ್ಲ. ಅದಕ್ಕೇ ಅವನ್ನು ಮಗಳಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಾಯಿಪಾಠ ಮಾಡಿಸಿದೆ. ತಪ್ಪಿದರೆ ಬೈದೆ, ಒಮ್ಮೆ ಹೊಡೆದೂ ಬಿಟ್ಟೆ.

ಹೋದ ತಿಂಗಳು ಇಂಡಿ ಊರಿನಲ್ಲಿ ನಂಟರ ಮನೆಯ ಕುಬುಸದ ಕಾರ್ಯಕ್ಕೆ ಹೋಗಿದ್ದೆವು. ಬಸುರಿಯನ್ನು ಕೂರಿಸಿ ಆರತಿ ಮಾಡಿದ ಮೇಲೆ ಹೆಂಗಸರು ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಇಂಗ್ಲಿಷ್ ಹೇಳಿಸುತ್ತಿದ್ದರು. ಒಬ್ಬ ಹುಡುಗ ಹಣ್ಣುಗಳ ಹೆಸರು ಹೇಳಿದ, ಇನ್ನೊಬ್ಬಳು ವಾರಗಳನ್ನು. ‘ನೀನೂ ಏನರ ಹೇಳು ಬಾ ನಮ್ಮವ್ವ’ ಎಂದು ನನ್ನ ಮಗಳನ್ನು ಎಳೆದು ನಿಲ್ಲಿಸಿದರು. ಅವಳು ಕೈಕಟ್ಟಿ ನಿಂತು, ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಹೇಳಿದಳು:

‘ಐ ಏಟ್ ಪೀನಟ್. ಐ ಕಾಂಟ್ ಬ್ರೀತ್. ಪ್ಲೀಸ್ ಹೆಲ್ಪ್ ಮಿ.’

ಎಲ್ಲರೂ ಚಪ್ಪಾಳೆ ತಟ್ಟಿದರು. ‘ಎಷ್ಟ ಚಂದ ಮಾತಾಡ್ತೈತಿ ಕೂಸು!’ ಎಂದು ಒಬ್ಬ ಅಜ್ಜಿ ಮೆಚ್ಚಿ, ಅವಳ ಕೈಗೆ ಶೇಂಗಾ ಉಂಡಿ ಇಟ್ಟರು. ಮಗಳು ಅದನ್ನು ನೋಡಿದಳು. ಕೈ ಚಾಚಿಕೊಂಡೇ, ಮಂದಿಯ ನಡುವೆ ನನ್ನನ್ನು ಹುಡುಕುತ್ತ, ಅದೇ ಮೂರು ವಾಕ್ಯಗಳನ್ನು ಮೊದಲಿಂದ, ಇನ್ನೂ ಜೋರಾಗಿ ಹೇಳಿದಳು. ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಕೂತವರ ಕಾಲು ತುಳಿಯುತ್ತ ಅವಳ ಕಡೆ ಓಡಿದೆ.